ಖಾಲಿ ಚೀಲದ ಐವತ್ತು ಮಿಲಿ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಮೂತ್ರ ಬತ್ತಿದ್ದ ಐದು ಗಂಟೆಗಳ ಕಾಲ ಅದು ಸಲೀಸಾಗಿ ಹರಿಯುತ್ತಿತ್ತೆಂದು ನಿಮ್ಮ ವಾರ್ಡಿನ ಹಾಳೆ ಸಾರುತ್ತಿದೆ. ಗಂಟೆಗೆ ಐವತ್ತು ಮಿಲಿಯಂತೆ, ಒಂದೇ ಉಸಿರಿನಲ್ಲಿ ಬರೆದ ಐದು ಸಾಲು. ಇಷ್ಟು ಶಿಸ್ತಿನ ಮೂತ್ರಪಿಂಡ ನನಗೆ ಯೌವನದಲ್ಲೂ ಇರಲಿಲ್ಲ. ಆದರೆ ಆ ಸುಳ್ಳಿನಲ್ಲಿ ಅರ್ಧ ಪಾಲು ನನ್ನದು. ಎದೆಯುಬ್ಬಿಸಿ ದೂರುವ ಯೋಗ್ಯತೆ ನನಗಿಲ್ಲ. ಎದೆಯುಬ್ಬಿಸಲು ಹೊಟ್ಟೆಯ ಹೊಲಿಗೆಯ ಗಾಯವೂ ಇನ್ನೂ ಬಿಡುತ್ತಿಲ್ಲ.

ನಾನು ನಿವೃತ್ತ ಭಾಷಾ ಮೇಷ್ಟ್ರು. ನಿಮ್ಮಲ್ಲಿ ನಾಲ್ಕು ತಾಸು ಶಸ್ತ್ರಚಿಕಿತ್ಸೆ ಮಾಡಿ ನನ್ನ ಕರುಳಿನ ಗಡ್ಡೆ ತೆಗೆದರು. ಹೆಂಡತಿಗೆ ಜ್ವರ ಬಂದದ್ದರಿಂದ ಮರುದಿನ ನನ್ನ ಪಕ್ಕ ಕೂತವರು ಅತ್ತಿಗೆ. ಹಾಸಿಗೆಯ ಬದಿಗೆ ನೇತುಹಾಕಿದ್ದ ಮೂತ್ರದ ಚೀಲ ಅವರ ಕಣ್ಣಿಗೆ ಬೀಳದಿರಲೆಂದು ಹೊದಿಕೆಯ ಅಂಚನ್ನು ಅದರ ಮೇಲೆ ಎಳೆದುಬಿಟ್ಟೆ. ಹನ್ನೆರಡು ಹಾಸಿಗೆಗೆ ಒಬ್ಬರೇ ನರ್ಸ್, ಒಂದೇ ಅಳತೆ ಜಾಡಿ. ಆಕೆ ದೂರದಿಂದಲೇ ಕೇಳಿದರು: “ಯೂರಿನ್ ಹೋಗ್ತಿದೆಯಾ ಸರ್?”

“ಎಲ್ಲ ಸರಿಯಾಗಿದೆ ಸಿಸ್ಟರ್,” ಎಂದೆ. ಮೂವತ್ತು ವರ್ಷ ಪದಗಳ ಅರ್ಥ ಬಿಡಿಸಿದ ಬಾಯಿಗೆ ಅತ್ತಿಗೆಯ ಎದುರು ಆ ಒಂದು ಪದ ಬರಲಿಲ್ಲ. ಒಂದಕ್ಕೆ ಎಂದು ಬೆರಳೆತ್ತಿದ ಎಷ್ಟು ಮಕ್ಕಳನ್ನು ಗದರಿಸಿ ಕೂರಿಸಿದ್ದೆನೋ!

ಮಧ್ಯಾಹ್ನ ಹೊದಿಕೆ ಸರಿಪಡಿಸಲು ಬಾಗಿದ ಅತ್ತಿಗೆ ಚೀಲ ನೋಡಿಯೇಬಿಟ್ಟರು.

“ಏನೋ ಇದು, ತಳದಲ್ಲಿ ಎರಡು ಚಮಚ ಇದೆ. ಅದೂ ಡಿಕಾಕ್ಷನ್ ಬಣ್ಣ.”

“ನೀವು ಅದನ್ನೆಲ್ಲ ಯಾಕೆ ನೋಡ್ತೀರಿ ಅತ್ತಿಗೆ?”

“ಸುಮ್ನಿರು. ನೀನು ಚಡ್ಡಿ ಇಲ್ದೆ ಓಡಾಡ್ತಿದ್ದಾಗ ನಿಮ್ಮ ಮನೆಗೆ ಬಂದವಳು ನಾನು.”

ಅವರು ಹೋಗಿ ಡ್ಯೂಟಿ ಡಾಕ್ಟರನ್ನು ಅಡ್ಡಗಟ್ಟಿದರು. “ಚಾರ್ಟಲ್ಲಿ ಐವತ್ತು ಅಂತ ಇದೆಯಲ್ಲಮ್ಮ,” ಎಂದರು ನರ್ಸ್.

“ಚಾರ್ಟು ಉಚ್ಚೆ ಹೊಯ್ಯುತ್ತಾ? ಚೀಲ ನೋಡಿ ಬನ್ನಿ.”

ಇಡೀ ವಾರ್ಡು ನನ್ನತ್ತ ತಿರುಗಿತು. ನಾನು ಅದೇ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ.

ಡಾಕ್ಟರು ಬಂದು ನೋಡಿದರು. ಮೂತ್ರದ ನಳಿಕೆ ಕಟ್ಟಿಕೊಂಡಿರಲಿಲ್ಲ, ರಕ್ತದೊತ್ತಡ ಕುಸಿದಿತ್ತು. ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ತೂಕದವನಿಗೆ ಗಂಟೆಗೆ ಮೂವತ್ತೈದು ಮಿಲಿಯಾದರೂ ಬರಬೇಕು, ಗಂಟೆಗಟ್ಟಲೆ ಬಾರದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರಬಹುದು ಎಂದರು ಡಾಕ್ಟರು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಮೂತ್ರಪಿಂಡಕ್ಕೆ ಹೊರೆಯಾಗುವ ನೋವಿನ ಇಂಜೆಕ್ಷನ್ ನಿಲ್ಲಿಸಿ, ಸಲೈನ್ ಹೆಚ್ಚಿಸಿ, ಗಂಟೆಗಂಟೆಗೂ ಅಳೆಸಿದರು. ಮೂರನೇ ದಿನ ಚೀಲ ತುಂಬಿದಾಗ ಅತ್ತಿಗೆ ಅತ್ತರು. ನಾನೂ ಅತ್ತೆ, ನೋವಿಗೆ ಎಂದು ಸುಳ್ಳು ಹೇಳಿದೆ.

ಪಕ್ಕದ ಹಾಸಿಗೆಯ ಗಾರೆ ಕೆಲಸದವನ ಬಳಿ ಯಾರೂ ಇರಲಿಲ್ಲ. ಅವನ ಹಾಳೆಯಲ್ಲೂ ಐವತ್ತು, ಚೀಲದಲ್ಲಿ ಏನೂ ಇಲ್ಲ. ಅದು ಯಾರದಾದರೂ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿ ಅವನಿಗೆ ಡಯಾಲಿಸಿಸ್ ಬೇಕಾಯಿತು. ಈಗಲೂ ವಾರಕ್ಕೆರಡು ಸಲ ಬರುತ್ತಾನೆ. ನಾನು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬಂದಾಗ “ಏನ್ ಮೇಷ್ಟ್ರೇ, ನಿಮ್ಮದು ಓಡ್ತಿದೆಯಾ?” ಎನ್ನುತ್ತಾನೆ. ಉತ್ತರ ಕೊಡಲು ನಾಚಿಕೆಯಾಗುತ್ತದೆ, ಬೇರೆ ಕಾರಣಕ್ಕೆ.

ಇಷ್ಟಕ್ಕೆಲ್ಲ ತಾವು ಆ ನರ್ಸಿಗೆ ನೋಟಿಸು ಕೊಟ್ಟಿದ್ದೀರಂತೆ. ಸುಳ್ಳು ಹೇಳಿದ ರೋಗಿಗೆ ಎಲ್ಲಿ ನೋಟಿಸು? ಹನ್ನೆರಡು ಜನಕ್ಕೆ ಒಂದೇ ಜಾಡಿ ಸಾಕೆಂದ ಕಚೇರಿಗೆ? ಆ ನೋಟಿಸನ್ನು ಹಿಂತೆಗೆದುಕೊಳ್ಳಿ. ಹಾಸಿಗೆಗೊಂದು ಜಾಡಿ ಕೊಡಿ, ವಾರ್ಡಿಗೆ ಇನ್ನೊಬ್ಬ ನರ್ಸನ್ನು ಹಾಕಿ. ಅಳೆಯಲಾಗದ ಗಂಟೆಯ ಜಾಗವನ್ನು ಖಾಲಿ ಬಿಡುವ ಧೈರ್ಯವನ್ನು ಅವರಿಗೆ ಕೊಡಿ. ಖಾಲಿ ಜಾಗ ಕಂಡರೆ ಯಾರಾದರೂ ಎದ್ದು ಬಂದು ನೋಡುತ್ತಾರೆ.

ಇಂತಿ,
ಮರ್ಯಾದೆ ಹೋಗಿ ಜೀವ ಉಳಿದ,
ಏಳನೇ ಹಾಸಿಗೆಯ ಹಳೆಯ ರೋಗಿ