ಪ್ಲೇನಿಂಗ್ ಮಷೀನಿಗೆ ಕೈಗವಸು ಕಡ್ಡಾಯ ಮಾಡಿದವರಿಗೆ

ಕಾರ್ಖಾನೆಗಳ ಸುರಕ್ಷತೆಯ ಹೊಣೆ ಹೊತ್ತ ತಪಾಸಣಾ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಬರೆದ ಒಂದೇ ಒಂದು ಸಾಲಿನಿಂದ ನಮ್ಮ ಶೆಡ್ಡಿನ ಸರ್ದಾರ್ ಪಾಷಾ ಬಲಗೈಯ ಮೂರು ಬೆರಳು ಕಳೆದುಕೊಂಡಿದ್ದಾನೆ. ಆ ಸಾಲು ಇದು: 'ಪ್ಲೇನಿಂಗ್ ಯಂತ್ರದಲ್ಲಿ ಕೆಲಸ ಮಾಡುವ ಕಾರ್ಮಿಕರು ಕಡ್ಡಾಯವಾಗಿ ಕೈಗವಸು ಧರಿಸತಕ್ಕದ್ದು.' ಬೆರಳು ಹೋದ ಮೇಲಾದರೂ ಆ ಸಾಲನ್ನು ಹೊಡೆದುಹಾಕುತ್ತೀರೆಂದು ಎರಡು ತಿಂಗಳು ಕಾದೆ. ತಾವು ಹೊಡೆದುಹಾಕಲಿಲ್ಲ, ಇನ್ನೆರಡು ಪದ ಸೇರಿಸಿದಿರಿ. ಈಗ ಅದು 'ದಪ್ಪನೆಯ ಚರ್ಮದ ಕೈಗವಸು' ಆಗಿದೆ. ಇದೇ ಇಪ್ಪತ್ತೊಂದನೇ ತಾರೀಕು ಸೋಮವಾರ ತಾವು ಮತ್ತೆ ತಪಾಸಣೆಗೆ ಬರುವ ಹೊತ್ತಿಗೆ, ಪಾಷಾನ ಜಾಗಕ್ಕೆ ಬಂದಿರುವ ಅಡವಿಯಪ್ಪನ ಎರಡೂ ಕೈಗೆ ಅದನ್ನು ಹಾಕಿಸಿರಬೇಕಂತೆ. ಹಾಕಿಸಬೇಕಾದವನು ನಾನು, ಆ ಶೆಡ್ಡಿನ ಮೇಸ್ತ್ರಿ. ನಾನು ಹಾಕಿಸುವುದಿಲ್ಲ. ಯಾಕೆಂದು ನಾಲ್ಕು ಜನರ ಮುಂದೆ ಹೇಳಬೇಕೆಂದೇ ಈ ಪತ್ರವನ್ನು ತಮ್ಮ ಕಚೇರಿಯ ಟಪಾಲು ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಓದುವವರೆಲ್ಲ ಬಡಗಿಗಳಲ್ಲ, ತಾವಂತೂ ಅಲ್ಲವೇ ಅಲ್ಲ. ಆದ್ದರಿಂದ ಯಂತ್ರ ಎಂಥದ್ದೆಂದು ಮೊದಲು ಹೇಳಿಬಿಡುತ್ತೇನೆ. ನಾನು ಗುಬ್ಬಿಯಲ್ಲಿ ನಮ್ಮಪ್ಪನ ಹತ್ತಿರ ಉಜ್ಜುಗೊರಡು ಹಿಡಿದು ಕೆಲಸ ಕಲಿತವನು. ಒಂದು ಬಾಗಿಲು ನುಣುಪಾಗಬೇಕಾದರೆ ಬೆಳಗಿನಿಂದ ಸಂಜೆಯವರೆಗೆ ಉಜ್ಜಿ ರಟ್ಟೆ ಬಿದ್ದುಹೋಗುತ್ತಿತ್ತು. ಸತ್ಯಮಂಗಲದ ನಮ್ಮ ಶೆಡ್ಡಿನಲ್ಲಿ ಅದೇ ಕೆಲಸವನ್ನು ಈ ಮಷೀನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಎರಡು ಕಬ್ಬಿಣದ ಮೇಜು, ನಡುವೆ ಒಂದು ಸಂದು, ಆ ಸಂದಿನಲ್ಲಿ ಮೂರು ಬ್ಲೇಡು ಕೂರಿಸಿದ ಉರುಳೆ. ಸ್ವಿಚ್ ಒತ್ತಿದರೆ ಅದು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುತ್ತದೆ. ಹಲಗೆಯನ್ನು ಅದರ ಮೇಲೆ ಕೈಯಿಂದಲೇ ತಳ್ಳಬೇಕು. ತಿರುಗುವಾಗ ಬ್ಲೇಡು ಕಣ್ಣಿಗೆ ಕಾಣುವುದಿಲ್ಲ. ಚರ್ಮ ತಾಕಿದರೆ ಕುಯ್ಯುತ್ತದೆ, ಕೈ ಹಿಂದಕ್ಕೆ ಎಳೆದುಕೊಳ್ಳಲು ಒಂದು ಕ್ಷಣವಾದರೂ ಸಿಗುತ್ತದೆ. ಬಟ್ಟೆ ತಾಕಿದರೆ ಅದೂ ಇಲ್ಲ. ಸುತ್ತಿಕೊಂಡು ಒಳಗೆ ಎಳೆಯುತ್ತದೆ, ಬಟ್ಟೆಯ ಜೊತೆ ಕೈಯೂ ಹೋಗುತ್ತದೆ. ಈ ವ್ಯತ್ಯಾಸ ನಮ್ಮಲ್ಲಿ ಹೊಟ್ಟು ಗುಡಿಸುವ ಸಿದ್ದಲಕ್ಷ್ಮಮ್ಮನಿಗೂ ಗೊತ್ತು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸದೆ ಆಕೆ ಆ ಮಷೀನಿನ ಹತ್ತಿರ ಸುಳಿಯುವುದಿಲ್ಲ. ಸೆರಗಿಗೊಂದು ನ್ಯಾಯ, ಗ್ಲೌಸಿಗೊಂದು ನ್ಯಾಯ ಅಂತ ಬ್ಲೇಡಿಗೆ ಯಾರು ಹೇಳಿಕೊಟ್ಟಿದ್ದಾರೆ?

ಸರ್ದಾರ್ ಪಾಷಾ ಆ ಮಷೀನಿನ ಮುಂದೆ ಹತ್ತೊಂಬತ್ತು ವರ್ಷ ನಿಂತವನು. ಒಂದು ಉಗುರು ಕೂಡ ಮುಕ್ಕಾಗಿರಲಿಲ್ಲ. ಬೆಳಗ್ಗೆ ಬಂದವನೇ ಉಂಗುರ ಬಿಚ್ಚಿ, ವಾಚು ಬಿಚ್ಚಿ, ಕೊರಳ ತಾಯಿತವನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಒಳಗೆ ಬಿಟ್ಟು ಗುಂಡಿ ಹಾಕುತ್ತಿದ್ದ. ತೋಳು ಮೊಣಕೈಗಿಂತ ಮೇಲೆ ಮಡಚುತ್ತಿದ್ದ. ಆಮೇಲೆ ಒಂದೊಂದು ಹಲಗೆಯ ಮೇಲೂ ಅಂಗೈ ಆಡಿಸುತ್ತಿದ್ದ. ಹಳೇ ಮನೆಯ ತೊಲೆಯಲ್ಲಿ ಮುರಿದು ಉಳಿದ ಮೊಳೆ, ಒಣಗಿದ ಗಂಟು, ಮರದ ಎಳೆ ಓಡುವ ದಿಕ್ಕು, ಎಲ್ಲ ಅವನ ಅಂಗೈಗೆ ಗೊತ್ತಾಗುತ್ತಿತ್ತು. ಮೊಳಕ್ಕಿಂತ ಗಿಡ್ಡ ತುಂಡನ್ನು ಮಷೀನಿಗೆ ಕೊಡುತ್ತಿರಲಿಲ್ಲ, ಮಾಲೀಕರು ಹೇಳಿದರೂ ಕೊಡುತ್ತಿರಲಿಲ್ಲ. 'ಗಿಡ್ಡ ತುಂಡು ತಿಂದ್ಮೇಲೆ ಮುಂದೆ ಇರೋದು ಕೈಯೇ ಅಲ್ವಾ ಮೇಸ್ತ್ರಿ?' ಅನ್ನುತ್ತಿದ್ದ. ತುಂಡಿನ ಹಿಂಬದಿ ಬ್ಲೇಡಿನ ಹತ್ತಿರ ಬಂದಾಗ ಕೈ ತೆಗೆದು, ತಾನೇ ಮಾಡಿಕೊಂಡ ಹಿಡಿಕೆಯ ಹಲಗೆಯಿಂದ ತಳ್ಳುತ್ತಿದ್ದ. ಲುಂಗಿ ಉಟ್ಟ ಗಿರಾಕಿ ಹತ್ತಿರ ಬಂದರೆ ಮಷೀನನ್ನೇ ನಿಲ್ಲಿಸಿಬಿಡುತ್ತಿದ್ದ. ಈ ಮನುಷ್ಯನಿಗೆ ಸುರಕ್ಷತೆ ಕಲಿಸಲು ತಾವು ಕಳೆದ ನವೆಂಬರಿನಲ್ಲಿ ಜೀಪಿನಲ್ಲಿ ಬಂದಿರಿ.

ಎಳನೀರು ಕುಡಿದ ಹೊತ್ತನ್ನು ಬಿಟ್ಟರೆ ತಾವು ನಮ್ಮ ಶೆಡ್ಡಿನೊಳಗೆ ಇದ್ದದ್ದು ಹನ್ನೊಂದು ನಿಮಿಷ. ಅದಕ್ಕೆ ಮುಂಚೆ ಪಕ್ಕದ ಕಲ್ಲು ಪಾಲಿಶ್ ಮಾಡುವವರಲ್ಲಿಗೆ ಹೋಗಿದ್ದಿರಿ. ಅಲ್ಲಿ ಗ್ಲೌಸು ಬೇಕು, ಸರಿ. ಅಲ್ಲಿಂದ ಅದೇ ನಿಯಮಗಳ ಪಟ್ಟಿ ಹಿಡಿದು ಇಲ್ಲಿಗೆ ಬಂದಿರಿ.

'ಏನಪ್ಪಾ, ಬರೀ ಕೈಯಲ್ಲಿ ಮಾಡ್ತಿದ್ದೀಯ? ಗ್ಲೌಸ್ ಎಲ್ಲಿ?' ಎಂದು ಪಾಷಾನನ್ನು ಕೇಳಿದಿರಿ.

'ಇದ್ರಲ್ಲಿ ಗ್ಲೌಸ್ ಹಾಕ್ಬಾರ್ದು ಸಾರ್. ಬ್ಲೇಡು ಎಳ್ಕೊಂಡ್‌ಬಿಡ್ತದೆ,' ಅಂದ ಅವನು.

ತಾವು ಅವನ ಕಡೆ ತಿರುಗಲೂ ಇಲ್ಲ. ಮಾಲೀಕ ನಾಗಭೂಷಣ್ ಅವರನ್ನು ನೋಡಿ, 'ನಿಮ್ ಲೇಬರ್ ನಮಗೇ ರೂಲ್ಸ್ ಹೇಳ್ಕೊಡ್ತಾರಲ್ರೀ!' ಎಂದು ನಕ್ಕಿರಿ. ಅವರೂ ನಕ್ಕರು. ನಾನೂ ಹಲ್ಲು ಬಿಟ್ಟೆ, ಥೂ ನನ್ನ ಜನ್ಮಕ್ಕೆ.

ವಾರಕ್ಕೆ ನೋಟಿಸು ಬಂತು. ಒಂಬತ್ತು ಅಂಶ. ಮರಳಿನ ಬಕೆಟ್ಟಿಗೆ ಕೆಂಪು ಬಣ್ಣ ಬಳಿಯತಕ್ಕದ್ದು, ಕಂಡಕಂಡಲ್ಲಿ ಉಗುಳತಕ್ಕದ್ದಲ್ಲ, ಸುರಕ್ಷತೆಯ ಬೋರ್ಡು ಹಾಕತಕ್ಕದ್ದು, ಏಳನೆಯದು ಕೈಗವಸು. ಬ್ಲೇಡಿನ ಮೇಲೆ ಮುಚ್ಚುವ ಗಾರ್ಡಿನ ಬಗ್ಗೆ ಒಂದಕ್ಷರ ಇರಲಿಲ್ಲ. ಹೇಳಿಬಿಡುತ್ತೇನೆ, ಆ ಗಾರ್ಡಿನ ಸ್ಪ್ರಿಂಗು ಹೋಗಿ ಆರು ತಿಂಗಳಾಗಿತ್ತು. ತಂತಿ ಕಟ್ಟಿಕೊಂಡು ನಡೆಸುತ್ತಿದ್ದೆವು, ಹಲಗೆಯ ಪಕ್ಕದಲ್ಲಿ ಬೆರಳಗಲ ಸಂದು ಬಿಡುತ್ತಿತ್ತು. ಅದು ನನ್ನ ತಪ್ಪು, ನಾಳೆ ಮಾಡಿಸೋಣ ಅಂತ ಮುಂದೂಡಿದ್ದೆ. ಆದರೆ ತಾವು ಆ ತಂತಿಯ ಮುಂದೆಯೇ ನಿಂತಿದ್ದಿರಿ ಸ್ವಾಮಿ! 'ಇದೇನ್ರೀ ತಂತಿ?' ಎಂದು ಒಂದು ಮಾತು ಕೇಳಿದ್ದರೆ ನಾಚಿಕೆಗಾದರೂ ಅವತ್ತೇ ಸರಿ ಮಾಡಿಸುತ್ತಿದ್ದೆ. ತಪಾಸಣೆ ಎಂದರೆ ಅದೇ ಅಲ್ಲವೇ? ತಮ್ಮ ಕಣ್ಣಿಗೆ ಬಿದ್ದದ್ದು ಮಷೀನಿನ ಹರಕಲ್ಲ, ಪಾಷಾನ ಬರಿಗೈ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕೇಳಿದ್ದೆ. ತಾವು ಈದದ್ದು ಗಂಡೋ ಹೆಣ್ಣೋ ಎಂದು ನೋಟಿಸಿನಲ್ಲೇ ಬರೆದು ಕಳಿಸುವವರು.

ಎರಡು ತಿಂಗಳು ನಾವು ನಮ್ಮ ದೇಶದ ಪದ್ಧತಿಯಂತೆ ನಡೆದುಕೊಂಡೆವು. ಮಂಡಿಪೇಟೆಯಿಂದ ತಂದ ಬಿಳಿ ಗ್ಲೌಸುಗಳು ಮೊಳೆಗೆ ನೇತಾಡುತ್ತಿದ್ದವು. ಜೀಪಿನ ಸದ್ದಾದರೆ ಹಾಕಿಕೊಳ್ಳುವುದು, ಹೋದರೆ ಬಿಚ್ಚುವುದು. ಜನವರಿ ಕೊನೆಗೆ ತಾವು ನಡೆದುಕೊಂಡೇ ಬಂದಿರಿ. ಬರಿಗೈ ಸಿಕ್ಕಿಬಿತ್ತು. ಇನ್ನೊಂದು ಸಲ ಕಂಡುಬಂದರೆ ಘಟಕವನ್ನು ಮುಚ್ಚಿಸಲಾಗುವುದು ಎಂದು ಎರಡನೇ ನೋಟಿಸು ಬಂತು. ನಾಗಭೂಷಣ್ ಬೆವತುಹೋದರು. 'ಕದರಯ್ಯ, ನಿನ್ ಕಾಲಿಗೆ ಬೀಳ್ತೀನಿ, ಅವನಿಗೆ ಹೇಳು,' ಅಂದರು. ನಾನು ಹೇಳಿದೆ.

'ಹಾಕ್ಕೊಂಡ್‌ಬುಡಪ್ಪ ಪಾಷಾ. ಬಾಗ್ಲು ಮುಚ್ಚಿದ್ರೆ ಹದಿನಾಲ್ಕು ಜನ ಎಲ್ಲಿಗ್ ಹೋಗಾನ?'

ಅವನು ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲರಿಗೂ ಒಂದೇ ಅಳತೆಯದು. ಅವನ ಬೆರಳು ಮುಗಿದ ಮೇಲೂ ಅರ್ಧ ಇಂಚು ಬಟ್ಟೆ ಖಾಲಿ ಜೋಲುತ್ತಿತ್ತು.

'ಕೈಗೆ ಏನೂ ಗೊತ್ತಾಗಲ್ಲ ಮೇಸ್ತ್ರಿ ಇದ್ರಲ್ಲಿ,' ಅಂದ.

'ಸ್ವಲ್ಪ ದಿನ ಕಣಪ್ಪ, ನನಗೋಸ್ಕರ,' ಅಂದೆ. ನನಗೋಸ್ಕರ ಹಾಕಿಕೊಂಡ.

ನಾಲ್ಕನೇ ದಿನ ಕುಣಿಗಲ್ಲಿನ ಒಂದು ಹೊಸ ಮನೆಯ ಕಿಟಕಿ ಚೌಕಟ್ಟು ನಡೆಯುತ್ತಿತ್ತು. ಮತ್ತಿ ಮರ, ಮೂರಿಂಚು ಅಗಲದ ತುಂಡು. ಹನ್ನೊಂದು ಗಂಟೆಯ ಟೀ ಆಗಿತ್ತು. ನಾನು ಹತ್ತು ಅಡಿ ದೂರದಲ್ಲಿ ಅಳತೆ ಹಾಕುತ್ತಿದ್ದೆ. ಗಂಟಿನ ಮೇಲೆ ತುಂಡು ಒಮ್ಮೆ ಅದುರಿತು. ಬರಿಗೈಯಾಗಿದ್ದರೆ ಆ ಗಂಟು ಅಂಗೈಗೆ ಮೊದಲೇ ಗೊತ್ತಾಗುತ್ತಿತ್ತು. ಅದುರಿದ ತುಂಡನ್ನು ಅದುಮಿ ಹಿಡಿಯುವಾಗ ಗ್ಲೌಸಿನ ಆ ಖಾಲಿ ತುದಿ ಗಾರ್ಡು ಬಿಟ್ಟಿದ್ದ ಪಕ್ಕದ ಸಂದಿಗೆ ಜೋಲಿತು. ಬ್ಲೇಡಿಗೆ ಸಿಕ್ಕಿದ್ದು ಅವನ ಬೆರಳಲ್ಲ ಮಾನ್ಯರೇ, ತಮ್ಮ ಅರ್ಧ ಇಂಚು ಬಟ್ಟೆ. ಉಳಿದದ್ದನ್ನು ಬಟ್ಟೆಯೇ ಎಳೆದು ಕೊಟ್ಟಿತು. ಪಾಷಾ ಕೂಗಲಿಲ್ಲ. 'ಮೇಸ್ತ್ರಿ, ಆಫ್ ಮಾಡಿ,' ಅಂದ ಅಷ್ಟೇ. ಬೆರಳು ಸಿಕ್ಕರೆ ಹೊಲಿಯಬಹುದು ಎಂದು ಯಾರೋ ಅಂದರು. ನಾನು ಮಂಡಿಯೂರಿ ಹೊಟ್ಟಿನಲ್ಲಿ ಹುಡುಕಿದೆ. ನನಗೆ ಸಿಕ್ಕಿದ್ದನ್ನು ಹೊಲಿಯುವ ಹಾಗಿರಲಿಲ್ಲ. ಅದನ್ನು ಇಲ್ಲಿ ಬರೆಯಲಾರೆ.

ತಾವು ವಿಚಾರಣೆ ನಡೆಸಿದಿರಿ. ವರದಿಯ ಪ್ರತಿ ನನ್ನ ಮುಂದಿದೆ. 'ಸುರಕ್ಷತಾ ಸಾಧನ ಒದಗಿಸಿದ್ದು ಹಾಗೂ ಧರಿಸಿದ್ದು ಕಂಡುಬಂದಿರುತ್ತದೆ. ಅವಘಡಕ್ಕೆ ಕಾರ್ಮಿಕನ ಅಜಾಗರೂಕತೆಯೇ ಕಾರಣವಾಗಿರುತ್ತದೆ.' ಭಲೇ! ಔಷಧಿ ಸರಿಯಾಗಿತ್ತು, ರೋಗಿಯೇ ಸರಿಯಿರಲಿಲ್ಲ. ಆ ವರದಿ ಏನು ಮಾಡಿತು ಗೊತ್ತೇ ತಮಗೆ? ಗುಬ್ಬಿ ಗೇಟಿನ ಅವನ ಮನೆಗೆ ನಾನು ಹೋದಾಗ ಅವನ ಹೆಂಡತಿ ಚಾಂದ್ ಬೀ ಬಾಗಿಲಲ್ಲೇ ಕೇಳಿದರು: 'ಗ್ಲೌಸ್ ಹಾಕ್ಕೊಂಡಿದ್ರಲ್ಲ ಅಣ್ಣಾ, ಆದ್ರೂ ಹೆಂಗೆ ಆಯ್ತು? ಇಷ್ಟು ವರ್ಷ ಇಲ್ದಿದ್ದು, ಅಷ್ಟು ಬೇಪರ್ವಾ ಆಗ್ಬಿಟ್ರಾ ಇವ್ರು?' ಪಾಷಾ ಮಂಚದ ಮೇಲೆ ಕೂತು ಗೋಡೆ ನೋಡುತ್ತಿದ್ದ. ಹತ್ತೊಂಬತ್ತು ವರ್ಷದ ಎಚ್ಚರಿಕೆಯನ್ನು ತಮ್ಮ ಒಂದು ಸಾಲು ಅವನ ಹೆಂಡತಿಯ ಕಣ್ಣಲ್ಲೇ ಸುಳ್ಳು ಮಾಡಿತ್ತು. ಬೆರಳು ಹೋದದ್ದಕ್ಕಿಂತ ಅವನಿಗೆ ಅದು ಹೆಚ್ಚು ಉರಿಯುತ್ತಿತ್ತು.

ನಾನು ನಿಂತಲ್ಲೇ ಹೇಳಿದೆ: 'ಗ್ಲೌಸಿಂದ್ಲೇ ಹೋಗಿದ್ದು ತಾಯಿ. ಅವ್ನು ಬ್ಯಾಡ ಅಂದ. ಹಾಕಿಸ್ದೋನು ನಾನು.' ಚಾಂದ್ ಬೀ ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಪಾಷಾ ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ. 'ಆಗಿದ್ದು ಆಯ್ತು ಮೇಸ್ತ್ರಿ. ಅಡವಿಯಪ್ಪನ ಕೈಗೆ ಮಾತ್ರ ಅದನ್ನ ಹಾಕಿಸ್ಬೇಡಿ.'

ಅಡವಿಯಪ್ಪನ ಕಥೆ ಇನ್ನೂ ಕಷ್ಟದ್ದು. ಬೆಳ್ಳಾವಿಯಿಂದ ಬರುತ್ತಾನೆ, ಮೂರು ಮಕ್ಕಳ ತಂದೆ. ಮೈಗಳ್ಳನಲ್ಲ, ಬುದ್ಧಿವಂತ, ಆದರೆ ಸರ್ಕಾರ ಅಂದರೆ ಅವನಿಗೆ ದೇವರು. ತಮ್ಮ ಹೊಸ ನೋಟಿಸು ಓದಿ ಹೇಳಿದಾಗ ಅವನು ಅಂದದ್ದು ಕೇಳಿ: 'ಚರ್ಮದ್ದು ಅಂದ್ರೆ ಒಳ್ಳೇದೇ ಅಲ್ವಾ ಮೇಸ್ತ್ರಿ? ಓದ್ದೋರು ಸುಮ್ಕೆ ಹೇಳ್ತಾರಾ?' ಪಾಷಾನಿಗೆ ಗ್ಲೌಸು ಮೋಸವೆಂದು ಗೊತ್ತಿತ್ತು, ಆದ್ದರಿಂದ ಹಾಕಿಕೊಂಡೂ ಹೆದರಿ ನಡೆದ. ಇವನು ನಂಬುತ್ತಾನೆ. ನಂಬಿದವನು ಕೈಯನ್ನು ಇನ್ನೂ ಹತ್ತಿರ ಒಯ್ಯುತ್ತಾನೆ. ಬಟ್ಟೆಯಾದರೆ ಹರಿದಾದರೂ ಹೋದೀತು; ದಪ್ಪನೆಯ ಚರ್ಮ ಹರಿಯುತ್ತದೆಯೇ? ಮಣಿಕಟ್ಟಿನ ತನಕ ತೆಗೆದುಕೊಂಡು ಹೋಗುತ್ತದೆ. ಇದನ್ನು ಯೋಚಿಸಲು ಯಾವ ಡಿಗ್ರಿ ಬೇಕು?

ನಿಯಮದಲ್ಲಿದೆ ಎನ್ನುತ್ತೀರಿ. ಯಾವ ನಿಯಮ, ಯಾವ ಪುಟ? ಮರದ ಪ್ಲೇನಿಂಗ್ ಮಷೀನಿಗೆ ಎಂದು ಅದರಲ್ಲಿ ಬರೆದಿದೆಯೇ? ಮೂರು ಸಲ ಅರ್ಜಿ ಬರೆದು ಕೇಳಿದೆ, 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಿಟ್ಟು ಇನ್ನೇನೂ ಬರಲಿಲ್ಲ. ತಮಗೆ ಬರೆಯಲೇಬೇಕೆಂಬ ಹಟವಿದ್ದರೆ ಪಾಷಾ ಮಾಡುತ್ತಿದ್ದುದನ್ನು ಬರೆಯಿರಿ. ಗಾರ್ಡು ನೆಟ್ಟಗಿಲ್ಲದೆ ಸ್ವಿಚ್ ಒತ್ತಬಾರದು ಎಂದು ಬರೆಯಿರಿ. ಕೈ ಎಂದೂ ಬ್ಲೇಡಿನ ನೇರಕ್ಕೆ ಬರಬಾರದು, ಸ್ವಿಚ್ ಆರಿಸಿದ ಮೇಲೂ ಉರುಳೆ ಪೂರಾ ನಿಲ್ಲುವ ತನಕ ಹೊಟ್ಟು ತೆಗೆಯಲು ಕೈ ಹಾಕಬಾರದು ಎಂದು ಬರೆಯಿರಿ. ನಮ್ಮ ಗಾರ್ಡಿಗೆ ಹೊಸ ಸ್ಪ್ರಿಂಗು ಹಾಕಿಸಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅದು ನನ್ನ ಪಾಡು. ತಮಗೆ ಅದೂ ಬಂದ ಹಾಗಿಲ್ಲ.

ನನ್ನ ಒತ್ತಾಯ ಎರಡೇ. ಸೋಮವಾರದೊಳಗೆ ಏಳನೇ ಅಂಶವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬೇಕು, ನಮ್ಮ ಶೆಡ್ಡಿಗೆ ಮಾತ್ರವಲ್ಲ, ಈ ಮಷೀನು ಇರುವ ಎಲ್ಲ ಕಡೆಗೂ. ಮತ್ತು ಆ ವರದಿಯಿಂದ 'ಕಾರ್ಮಿಕನ ಅಜಾಗರೂಕತೆ' ಎಂಬುದನ್ನು ಹೊಡೆದು, ಆ ಜಾಗದಲ್ಲಿ ತಮ್ಮ ಆಜ್ಞೆ ಮತ್ತು ನನ್ನ ಹೆಸರು ಬರೆಯಬೇಕು. ಅದರ ಪ್ರತಿಯನ್ನು ಚಾಂದ್ ಬೀ ಅವರ ಕೈಗೇ ಕೊಡಬೇಕು.

ಹಿಂತೆಗೆದುಕೊಳ್ಳದಿದ್ದರೂ ಸೋಮವಾರ ಮಷೀನು ಓಡುತ್ತಿರುತ್ತದೆ, ಅಡವಿಯಪ್ಪ ಬರಿಗೈಯಲ್ಲಿ ನಿಂತಿರುತ್ತಾನೆ. ಉಲ್ಲಂಘನೆಯನ್ನು ನನ್ನ ಹೆಸರಿಗೆ ಬರೆದುಕೊಳ್ಳಿ. ಬೀಗ ಹಾಕುವುದಾದರೆ ಹಾಕಿ, ಹದಿನಾಲ್ಕು ಜನವೂ ಒಪ್ಪಿದ್ದಾರೆ. ತಮ್ಮನ್ನೇ ಆ ಮಷೀನಿನ ಮುಂದೆ ನಿಲ್ಲಿಸಿ, ಆ ಚರ್ಮದ ಗ್ಲೌಸು ತೊಡಿಸಿ, ಒಂದು ತುಂಡು ತಳ್ಳಿಸಬೇಕು ಅಂತ ಈ ಎರಡು ತಿಂಗಳಲ್ಲಿ ಎಷ್ಟೋ ಸಲ ಅನ್ನಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಅದಕ್ಕೂ ನಾನು ಬಿಡುವುದಿಲ್ಲ. ತಾವು ಗ್ಲೌಸು ಹಾಕಿಕೊಂಡು ಹತ್ತಿರ ಬಂದರೆ ಮೊದಲು ಸ್ವಿಚ್ ಆರಿಸುತ್ತೇನೆ, ಆಮೇಲೆ ಜಗಳ. ತಮ್ಮವೂ ಬೆರಳುಗಳೇ.

ಇಂತಿ,
ತಮ್ಮ ಮಾತನ್ನು ಒಂದೇ ಒಂದು ಸಲ ಕೇಳಿ ಕೆಟ್ಟ
ಕದರಯ್ಯ, ಮೇಸ್ತ್ರಿ
ಸತ್ಯಮಂಗಲ, ತುಮಕೂರು
ಏಪ್ರಿಲ್ ೨೦೦೩