ಏಳನೆಯ ಬುಗ್ಗೆ

ಹರ್ನ್‌ಡನ್, ಬುಧವಾರ

ನನ್ನ ಚೈತನ್ಯಾ,

ಎದುರು ಕ್ಯೂಬಿಕಲ್‌ನಲ್ಲೇ ಕೂರುವವಳಿಗೆ ಕಾಗದ ಬರೆಯುವ ಹುಚ್ಚಿ ಎಂದು ನಗಬೇಡ. ಆಫೀಸಿನ ಮೇಲ್ ಯಾರು ಯಾರು ಓದುತ್ತಾರೋ. ನನ್ನ ಈ ಕೋಳಿಕಾಲು ಕನ್ನಡವನ್ನು ಅಲ್ಲಿ ಓದಬಲ್ಲವಳು ನೀನೊಬ್ಬಳೇ.

ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಾ ಹೇಳಿದೆಯಲ್ಲ, "ಉಷಕ್ಕಾ, ಆ ಡೆಸರ್ಟ್ ಪ್ರಾಜೆಕ್ಟ್ ಸೆಕೆಂಡ್ ಫೇಸ್ ನಂಗೇ ಕೊಟ್ಟಿದಾರೆ. ಹನ್ನೊಂದು ಸ್ಪ್ರಿಂಗ್ ಇದೆ. ಸೈಟ್ ವಿಸಿಟ್ ಬೇಡ್ವಂತೆ, ಸ್ಯಾಟಲೈಟ್ ಇಮೇಜ್ ಸಾಕಂತೆ. ಫ್ರೈಡೇ ಸೈನ್ ಮಾಡಿಬಿಡ್ತೀನಿ." ನಾನು ಉಪ್ಪಿನಕಾಯಿಯ ಮಾತು ತೆಗೆದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು.

ಮೊದಲ ಹಂತ ನನ್ನದು. 2021, ಕೋವಿಡ್ ಎಂದು ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದೆವು. ಆ ಕಣಿವೆಯ ಮೇಲ್ಭಾಗದಲ್ಲಿ ದೊಡ್ಡ ತೋಟದವರು ಆಳದ ಕೊಳವೆಬಾವಿ ಕೊರೆಸಬೇಕಿತ್ತು. ಹತ್ತಿರ ಜೀವಂತ ಬುಗ್ಗೆ ಇದ್ದರೆ ಅನುಮತಿ ಸಿಗುವುದಿಲ್ಲ. ಅದನ್ನು ನೋಡಿ ವರದಿ ಕೊಡುವುದು ನಮ್ಮ ಕೆಲಸ. ನನ್ನ ಪಟ್ಟಿಯ ಏಳನೆಯ ಬುಗ್ಗೆ ಸ್ಯಾಟಲೈಟ್ ಚಿತ್ರದಲ್ಲಿ ಕಾಣಲಿಲ್ಲ. ಒಂದಿಷ್ಟು ಮರಗಳಿದ್ದವು, ಅಷ್ಟೇ. ಮರುಭೂಮಿಯಲ್ಲಿ ಮರ ಯಾವ ನೀರು ಕುಡಿದು ನಿಂತಿದೆ ಎಂದು ಪಾವಗಡದ ಕಡೆಯ ನಾನು, ಮರಳಿನಡಿಯಿಂದ ಉಕ್ಕುವ ತಲಪರಿಗೆಯ ನೀರಲ್ಲಿ ಬೆಳೆದವಳು, ಕೇಳಿಕೊಳ್ಳಲೇ ಇಲ್ಲ. "ಬತ್ತಿದೆ, ಸ್ಥಳಕ್ಕೆ ಹೋಗಿ ನೋಡಲಾಗಿದೆ" ಎಂದು ಸಹಿ ಹಾಕಿ, ಎದ್ದು ಕಾಫಿ ಮಾಡಿಕೊಂಡೆ.

ಎರಡು ವರ್ಷದ ಮೇಲೆ ಮನಸ್ಸು ತಡೆಯದೆ, ಯಾರಿಗೂ ಹೇಳದೆ ಆ ಬುಗ್ಗೆಯ ಜಾಗಕ್ಕೆ ಹೋದೆ. ರೋಸಾ ಎಂಬ ಅಜ್ಜಿಯ ಹೊಲ ಅದು. ವರ್ಷಕ್ಕೆ ನಾಲ್ಕು ಇಂಚು ಮಳೆಯೂ ಬೀಳದ ನೆಲದಲ್ಲಿ ಕೊಳವೆಬಾವಿ ಕೊರೆಯುವವರೆಗೂ ಆ ಒಂದೇ ಬುಗ್ಗೆಯ ಕಾಲುವೆಯನ್ನು ಐದು ಮನೆಯವರು ಸರದಿಯ ಮೇಲೆ ತಿರುಗಿಸಿಕೊಂಡು ಕರಬೂಜ, ಮೆಕ್ಕೆಜೋಳ ಬೆಳೆಯುತ್ತಿದ್ದರಂತೆ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳು ತೆಗೆಯುತ್ತಿದ್ದರಂತೆ, ನಮ್ಮೂರಿನ ಹಾಗೆಯೇ. ನಾನು ಹೋದಾಗ ಕಲ್ಲುಗುಂಡಿಯ ತಳದಲ್ಲಿ ಬಿರುಕುಬಿಟ್ಟ ಕೆಸರಿತ್ತು. ನಾಲ್ಕು ಮನೆಗೆ ಬೀಗ. ಮರಗಳು ತುದಿಯಿಂದ ಒಣಗುತ್ತಾ ಬಂದಿದ್ದವು. ಹಕ್ಕಿಯ ಸದ್ದಿಲ್ಲ, ಗುಡ್ಡದ ಮೇಲಿನ ತೋಟದ ಪಂಪುಗಳ ಸದ್ದು ಮಾತ್ರ.

ನೀರಿನ ಸಮೀಕ್ಷೆಯವಳು ಎಂದೆ. ಅಜ್ಜಿ ಅರವತ್ತು ಮೈಲಿ ದೂರದ ಅಂಗಡಿಯಿಂದ ತಂದಿದ್ದ ನೀರಿನ ಬಾಟಲಿ ಕೊಟ್ಟಳು. "ಯಾರೋ ಬಂದು ನೋಡಿಹೋದರೆಂದು ವರದಿಯಲ್ಲಿದೆ. ನಾನು ದಿನವೂ ಇಲ್ಲೇ ಇದ್ದೆ. ಅವರು ಬಂದದ್ದು ಯಾವಾಗ?" ಎಂದು ಕೇಳಿದಳು. ದನಿಯಲ್ಲಿ ಕೋಪವೇ ಇರಲಿಲ್ಲ. ಗೊತ್ತಿಲ್ಲ ಎಂದೆ. ಅವಳು ಕೊಟ್ಟ ನೀರನ್ನು ಕುಡಿದೆ.

ನಿನ್ನ ಗ್ರೀನ್ ಕಾರ್ಡ್ ಫೈಲು ಇದೇ ಕಂಪನಿಯ ಕೈಯಲ್ಲಿದೆ, ಗೊತ್ತು ಕಣೇ. ನನ್ನದೂ ಇತ್ತು. ಅದು ಬರಲಿ, ಆಮೇಲೆ ಬಾಯಿಬಿಡುತ್ತೇನೆ ಎಂದುಕೊಂಡಿದ್ದೆ. ಬಂದು ವರ್ಷವಾಯಿತು. ನಾಚಿಕೆಯಾಗುತ್ತದೆ. ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು, ಕೆಳಗೆ ಹೆಸರು ಬರೆದೇ ಕೊಡುತ್ತಿದ್ದೇನೆ.

ನಿನ್ನ ಪಟ್ಟಿಯ ಹನ್ನೊಂದು ಬುಗ್ಗೆಗಳೂ ಅದೇ ಕಣಿವೆಯ ಕೆಳಗಿನ ಊರುಗಳವು. ಈ ಬೆಳಿಗ್ಗೆ ನಿನ್ನ ವರದಿಯ ಕರಡು ನನ್ನ ಕಣ್ಣಿಗೆ ಬಿತ್ತು. ನೀನಿನ್ನೂ ಒಂದು ಚಿತ್ರವನ್ನೂ ತೆರೆದಿಲ್ಲ. ಹನ್ನೊಂದರ ಮುಂದೆಯೂ "ಬತ್ತಿದೆ" ಎಂದು ಆಗಲೇ ತುಂಬಿಸಿಟ್ಟಿದ್ದಾರೆ. "ಸ್ಥಳಕ್ಕೆ ಹೋಗಿ ನೋಡಿದವರು" ಎಂಬ ಸಾಲಿನಲ್ಲಿ ನಿನ್ನ ಹೆಸರಿದೆ.

ದೇವರು ನಿನ್ನ ಕೈ ಹಿಡಿದು ನಿಲ್ಲಿಸಲಿ.

ನಿನ್ನ ಅಕ್ಕ,
ಉಷಾ