ತೋಡಿನ ಕಟ್ಟದಲ್ಲಿ ನನ್ನ ಕಲ್ಲು

ಅಳದಂಗಡಿ, 12-12-75

ಅಕ್ಕನಿಗೆ ಸುಗುಣಳ ನಮಸ್ಕಾರ.

ನೀನು ಹಟ ಮಾಡಿ ಕಳುಹಿಸಿದ ಈ ನಾಗವೇಣಿ ಟೀಚರ ಮನೆಯಲ್ಲಿ ಮದ್ದು ಕೊಡುವುದಿಲ್ಲ. ಭಯ, ಬೇಸರ ಎಂದು ಬಂದ ಮಕ್ಕಳು, ದೊಡ್ಡವರು ಎಲ್ಲ ಸೇರಿ ಗದ್ದೆಯ ನೀರಿಗಾಗಿ ಪಕ್ಕದಲ್ಲಿ ಹರಿಯುವ ತೋಡಿಗೆ ಕಲ್ಲುಮಣ್ಣಿನ ಕಟ್ಟ ಹಾಕುತ್ತೇವೆ. “ನೀನು ನೀರಿಗೆ ಇಳಿಯುವುದು ಬೇಡ ಮಾರಾಯ್ತಿ, ದಡದಲ್ಲಿ ನಿಂತು ಕಲ್ಲು ಕೊಡು, ಸಾಕು” ಎಂದರು ಟೀಚರು. ಕೊಡುತ್ತಾ ಕೊಡುತ್ತಾ ನಿನ್ನೆ ನೋಡಿದರೆ ಮೊಣಕಾಲಿನವರೆಗೆ ನೀರಿನಲ್ಲಿದ್ದೆ! ಹೋದ ವರ್ಷ ನೆರೆಯಲ್ಲಿ ಮನೆ ಹೋದ ಮೇಲೆ ನೀರಿಗೆ ಇಳಿದದ್ದು ಇದೇ ಮೊದಲು. ಅತ್ತುಬಿಟ್ಟೆ. ಟೀಚರು ಬೆಲ್ಲ ಕೊಟ್ಟರು.

ಸ್ವಲ್ಪ ಶೀತ ಉಂಟು, ಜ್ವರ ಇಲ್ಲ. ನಿನ್ನ ಉಪಕಾರ ಮರೆಯುವುದಿಲ್ಲ. ಐದು ತಿಂಗಳಾದರೂ ನಾನು ನೋಡದ ನಿನ್ನ ಮಗುವನ್ನು ನೋಡಲು ಹೊಳೆ ದಾಟಿ ದೋಣಿಯಲ್ಲೇ ಬರುತ್ತೇನೆ. ನಾನು ಕಣ್ಣು ಮುಚ್ಚಿಕೊಂಡರೆ ನಗಬಾರದೆಂದು ದೋಣಿಯವನಿಗೆ ಹೇಳಿಡು.

ಕಾರ್ಡು ತುಂಬಿತು.
ಸುಗುಣ